ಯಾವ ಕೋವಿ ಅಂತ ಆಮೇಲೆ ಕೇಳಿ, ಯಾಕೆ ಅಂತ ಮೊದಲು ಹೇಳಿ

ಭತ್ತ ಹಾಲುಗಟ್ಟುವ ಹೊತ್ತಿಗೆ ಮಲೆನಾಡಿನ ವಾಟ್ಸಾಪ್ ಗುಂಪುಗಳಲ್ಲಿ ಒಂದು ಪ್ರಶ್ನೆ ಓಡಾಡತೊಡಗುತ್ತದೆ. "ಮನೆಗೊಂದು ಕೋವಿ ಬೇಕು, ಯಾವುದು ತಗೊಂಡರೆ ಒಳ್ಳೇದು?" ಕೆಳಗೆ ಉತ್ತರಗಳ ಸಾಲು. ಒಬ್ಬರು ಜೋಡುನಳಿಗೆ ಅನ್ನುತ್ತಾರೆ. ಇನ್ನೊಬ್ಬರು ರೈಫಲ್ಲೇ ಬೇಕು ಅನ್ನುತ್ತಾರೆ. ಬೆಂಗಳೂರಲ್ಲಿರುವ ಯಾರದೋ ತಮ್ಮ ಅಮೆರಿಕದ ವಿಡಿಯೋ ಒಂದನ್ನು ಹಾಕಿ "ಪಿಸ್ತೂಲೇ ಬೆಸ್ಟು ಅಣ್ಣ" ಅನ್ನುತ್ತಾನೆ. ಕೋವಿ ಯಾಕೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಕೇಳಿದರೆ ಮೂರು ಉತ್ತರ ಒಂದೇ ಉಸಿರಿಗೆ ಬರುತ್ತವೆ. ಮನೆ ಕಾಯೋಕೆ, ಬೆಳೆ ಕಾಯೋಕೆ, ಆಗೊಮ್ಮೆ ಈಗೊಮ್ಮೆ ಶಿಕಾರಿಗೆ. ಈ ಮೂರರಲ್ಲಿ ಬೆಳೆಯೊಂದೇ ನಿಜವಾದ ಕಾರಣ ಎಂದು ನಾವು ಹೇಳುತ್ತೇವೆ. ಶಿಕಾರಿಗೆ ಕಾನೂನಿನಲ್ಲಿ ಜಾಗವಿಲ್ಲ. ಮನೆ ಕಾಯುವ ಕೆಲಸ ಕೋವಿಗೆ ಬರುವುದಿಲ್ಲ. ಇನ್ನು ನಿಜವಾದ ಆ ಒಂದು ಕಾರಣಕ್ಕೆ ಸರ್ಕಾರ ಕೊಡುವ ಲೈಸೆನ್ಸ್ ಅರ್ಧಂಬರ್ಧದ್ದು. ಆ ಎರಡು ಸುಳ್ಳು ಕಾರಣಗಳನ್ನು ನಾವೇ ಕೈಬಿಡದೆ ಇದ್ದರೆ ನಿಜವಾದ ಕಾರಣಕ್ಕಾಗಿ ಜಗಳ ಆಡುವ ಬಾಯಿ ನಮಗೆ ಉಳಿಯುವುದಿಲ್ಲ.

ಮೊದಲು ಶಿಕಾರಿ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ಕೆಲವು ಪ್ರಾಣಿಗಳನ್ನು ಲೈಸೆನ್ಸ್ ಪಡೆದು ಬೇಟೆಯಾಡುವ ಅವಕಾಶ ಉಳಿದಿತ್ತು. 1991ರ ತಿದ್ದುಪಡಿ ಅದನ್ನೂ ತೆಗೆದುಹಾಕಿತು. ಅಲ್ಲಿಗೆ ಶಿಕಾರಿ ಮುಗಿಯಿತು. ಮೊಲ, ಕಾಡುಕೋಳಿ, ಕಡವೆ, ಹಂದಿ, ಯಾವುದನ್ನೂ ಬಾಯಿರುಚಿಗೆ ಹೊಡೆಯುವ ಹಾಗಿಲ್ಲ. ಕಾಡಿನಲ್ಲಾದರೂ ಅಷ್ಟೇ, ನಿಮ್ಮ ಸ್ವಂತ ತೋಟದಲ್ಲಾದರೂ ಅಷ್ಟೇ. ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಕಾಯ್ದೆಯ ಪ್ರಕಾರ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ. ಉರುಳು ಹಾಕುವುದು, ವಿಷ ಇಡುವುದು, ಹೊಡೆಯಲೆಂದು ಸೋವುವುದು, ಇವೆಲ್ಲಕ್ಕೆ ಪ್ರಯತ್ನ ಮಾಡುವುದೂ ಬೇಟೆಯೇ. ಗುಂಡು ತಪ್ಪಿತು ಎಂದ ಮಾತ್ರಕ್ಕೆ ಕೇಸು ತಪ್ಪುವುದಿಲ್ಲ.

2022ರ ತಿದ್ದುಪಡಿಯ ನಂತರ ಹಂದಿ ಎರಡನೇ ಪಟ್ಟಿಯಲ್ಲಿದೆ. ಹೊಡೆದರೆ ಮೂರು ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆನೆ, ಕಾಟಿ, ನವಿಲು ಮೊದಲ ಪಟ್ಟಿಯಲ್ಲಿವೆ, ಅಲ್ಲಿ ಶಿಕ್ಷೆ ಶುರುವಾಗುವುದೇ ಮೂರು ವರ್ಷದಿಂದ. ಜೈಲಿಗಿಂತ ಮೊದಲು ಹೋಗುವುದು ಕೋವಿ. ಅಪರಾಧಕ್ಕೆ ಬಳಸಿ ವಶವಾದ ಆಯುಧ ಸರ್ಕಾರದ ಆಸ್ತಿ ಎಂದು ಅದೇ ಕಾಯ್ದೆ ಹೇಳುತ್ತದೆ. ಅಜ್ಜನ ಕಾಲದಿಂದ ಬಂದ ಕೋವಿಯನ್ನು ಒಂದು ರಾತ್ರಿಯ ಸಾರಿಗೆ ಕಳೆದುಕೊಂಡ ಮನೆಗಳು ನಮ್ಮ ಸುತ್ತಮುತ್ತಲೇ ಇವೆ.

ಕಾನೂನಿನ ಭಯ ಒಂದು ಕಡೆ ಇರಲಿ. ಶಿಕಾರಿಗೆ ಹೋದವರ ಗುಂಡು ಎಲ್ಲಿಗೆ ಬೀಳುತ್ತದೆ ಎಂದು ನೋಡಿ. ಚಿಕ್ಕಮಗಳೂರು, ಶಿವಮೊಗ್ಗ, ಕೊಡಗು, ಉತ್ತರ ಕನ್ನಡದ ಸ್ಥಳೀಯ ಪುಟ ಓದುವವರಿಗೆ ಆ ಸುದ್ದಿಯ ಶೀರ್ಷಿಕೆ ಬಾಯಿಪಾಠ. ಹಂದಿ ಎಂದುಕೊಂಡು ಹೊಡೆದದ್ದು ಜೊತೆಗೆ ಬಂದವನಿಗೆ. ನಾಲ್ಕೈದು ಜನ, ತಲೆಗೆ ಕಟ್ಟಿದ ಬ್ಯಾಟರಿ, ಹೊಟ್ಟೆಯಲ್ಲಿ ಒಂದಿಷ್ಟು ಎಣ್ಣೆ. ಸೋವುವವರು ಕೆಳಗಿನಿಂದ, ಕೋವಿ ಹಿಡಿದವರು ಮೇಲಿನಿಂದ. ಪೊದೆ ಅಲ್ಲಾಡುತ್ತದೆ. ಸತ್ತವನು ಅಪರಿಚಿತನಾಗಿರುವುದು ಅಪರೂಪ, ಭಾವನೋ ನೆರೆಮನೆಯವನೋ ಒಟ್ಟಿಗೆ ಶಾಲೆಗೆ ಹೋದವನೋ ಆಗಿರುತ್ತಾನೆ. ಆಮೇಲೆ ಶುರುವಾಗುವುದು ಇನ್ನೂ ಕೆಟ್ಟದ್ದು. ಬಿದ್ದು ಸತ್ತ ಎನ್ನೋಣ, ಕೋವಿ ಕೆರೆಗೆ ಎಸೆಯೋಣ ಎಂಬ ಪಿಸುಮಾತು. ನಿರ್ಲಕ್ಷ್ಯದಿಂದ ಸಾವು ಎಂದಾದರೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಐದು ವರ್ಷದವರೆಗೆ ಶಿಕ್ಷೆ. ಮುಚ್ಚಿಡಲು ಹೋದರೆ ಅದರ ಮೇಲೆ ಇನ್ನೊಂದು ಕೇಸು, ಜೊತೆಯಲ್ಲಿದ್ದ ಅಷ್ಟೂ ಜನಕ್ಕೆ.

ಕಟ್ಟುಕೋವಿಯ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇವೆ. ಹಂದಿಯ ದಾರಿಗೆ ತಂತಿ ಕಟ್ಟಿ, ಅದರ ತುದಿಗೆ ನಾಡಕೋವಿ ಕಟ್ಟಿ ಮನೆಗೆ ಬಂದು ಮಲಗುವವರು ಇನ್ನೂ ಇದ್ದಾರೆ. ಆ ತಂತಿಗೆ ಹಂದಿಯ ಕಾಲೂ ಒಂದೇ, ಬೆಳಗ್ಗೆ ಸೊಪ್ಪು ತರಲು ಹೋದ ಹೆಂಗಸಿನ ಕಾಲೂ ಒಂದೇ. ಮದ್ದುಂಡೆ ಇಡುವವರ ಕತೆಯೂ ಹೀಗೇ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಬಸುರಿ ಆನೆಯೊಂದು ಸಿಡಿಮದ್ದು ತುಂಬಿದ ಹಣ್ಣು ಕಚ್ಚಿ, ಹೊಳೆಯಲ್ಲಿ ನಿಂತೇ ಸತ್ತಿದ್ದು ದೇಶಕ್ಕೆಲ್ಲ ಗೊತ್ತಾಯಿತು. ಮದ್ದುಂಡೆ ಕಚ್ಚಿ ದವಡೆ ಹೋದ ದನಗಳು ಮಾತ್ರ ಯಾವ ಟೀವಿಗೂ ಬರಲಿಲ್ಲ. ಇಟ್ಟವನು ಯಾರು ಎಂದು ಊರಿಗೆಲ್ಲ ಗೊತ್ತು, ಯಾರೂ ಹೇಳುವುದಿಲ್ಲ. ಇದಕ್ಕೆ ನಾವು ಹಳ್ಳಿಯ ಒಗ್ಗಟ್ಟು ಎಂದು ಹೆಸರಿಟ್ಟುಕೊಂಡಿದ್ದೇವೆ.

"ಶಿಕಾರಿ ನಮ್ಮ ಸಂಸ್ಕೃತಿ, ಕೊಡವರಿಗೆ ಇಲ್ಲವಾ?" ಎಂದು ಕೇಳುವವರಿದ್ದಾರೆ. ಇದೆ. ಆದರೆ ಏನಿದೆ ಎಂದು ಸರಿಯಾಗಿ ತಿಳಿದುಕೊಳ್ಳಿ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಇರುವುದು ಕೋವಿಗೆ ಲೈಸೆನ್ಸ್ ಪಡೆಯಬೇಕೆಂಬ ನಿಯಮದಿಂದ ವಿನಾಯಿತಿ. ಬ್ರಿಟಿಷರ ಕಾಲದಿಂದ ಬಂದದ್ದು, 2019ರಲ್ಲಿ ಕೇಂದ್ರ ಅದನ್ನು ಹತ್ತು ವರ್ಷಕ್ಕೆ, ಅಂದರೆ 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ವನ್ಯಜೀವಿ ಕಾಯ್ದೆಯಿಂದ ಯಾರಿಗೂ ವಿನಾಯಿತಿ ಇಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡಿ ಅವರು ಗುರಿ ಹಿಡಿಯುವುದು ತೆಂಗಿನಕಾಯಿಗೆ. ಸಂಸ್ಕೃತಿ ಬೇಕೆಂದರೆ ಅದನ್ನು ಕಲಿಯಿರಿ, ನಮ್ಮದೇನೂ ತಕರಾರಿಲ್ಲ.

ಇನ್ನು ಕೆಲವರು ಹಲಗಲಿಯನ್ನು ಎಳೆದು ತರುತ್ತಾರೆ. 1857ರಲ್ಲಿ ಬ್ರಿಟಿಷರ ನಿಶ್ಶಸ್ತ್ರೀಕರಣದ ಕಾನೂನಿಗೆ ಬಗ್ಗದೆ ಹಲಗಲಿಯ ಬೇಡರು ಬಂಡೆದ್ದರು, ಊರು ಸುಟ್ಟುಹೋಯಿತು, ಎಷ್ಟೋ ಜನ ಗಲ್ಲಿಗೇರಿದರು. ಆ ಲಾವಣಿಯನ್ನು ನಾವೆಲ್ಲ ಶಾಲೆಯಲ್ಲಿ ಓದಿದವರೇ. ಅವರಿಗೆ ಆಯುಧ ಬದುಕಾಗಿತ್ತು, ಅದನ್ನು ಕಿತ್ತುಕೊಳ್ಳಲು ಬಂದದ್ದು ಪರದೇಶದ ಸರ್ಕಾರ. ಶನಿವಾರ ರಾತ್ರಿ ಜೀಪಿನಲ್ಲಿ ಹೋಗಿ ಮೊಲ ಹೊಡೆದು ಸ್ಟೇಟಸ್ ಹಾಕುವವರು ಆ ಹೆಸರು ಹೇಳಬಾರದು.

ಮುಂದಿನದು ಮನೆ ಕಾಯುವ ಮಾತು. ಇಲ್ಲಿ ಭಯ ನಿಜ ಎಂದು ನಾವು ಒಪ್ಪುತ್ತೇವೆ. ಮಲೆನಾಡಿನ ಮನೆಗಳು ಒಂಟಿಮನೆಗಳು. ಕೂಗಿದರೆ ಕೇಳುವ ದೂರದಲ್ಲಿ ಇನ್ನೊಂದು ಮನೆಯಿಲ್ಲ. ಮಕ್ಕಳು ಬೆಂಗಳೂರಿನಲ್ಲಿ, ಮನೆಯಲ್ಲಿ ಎಪ್ಪತ್ತು ದಾಟಿದ ಇಬ್ಬರು. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಗೆ ಈಗ ಚಿನ್ನದ ಬೆಲೆ. ರಾತ್ರಿ ನಾಯಿ ಬೊಗಳಿದರೆ ಎದೆ ಹೊಡೆದುಕೊಳ್ಳುವುದು ಸಹಜ. ಆ ಭಯಕ್ಕೆ ಕೋವಿ ಮದ್ದೇ ಎಂಬುದು ಪ್ರಶ್ನೆ.

ಒಂದು ಸರಳ ಲೆಕ್ಕ ಹಾಕಿ. ಕಳ್ಳ ಬಂದ ಗಳಿಗೆಗೆ ಕೋವಿ ಒದಗಬೇಕಾದರೆ ಅದು ತೋಟೆ ತುಂಬಿಕೊಂಡು ಹಾಸಿಗೆಯ ಪಕ್ಕದಲ್ಲಿರಬೇಕು. ಮಕ್ಕಳಿರುವ ಮನೆಯಲ್ಲಿ ಕೋವಿ ಅಪಾಯ ಮಾಡಬಾರದು ಎಂದಾದರೆ ಅದು ಖಾಲಿಯಾಗಿ ಬೀಗದೊಳಗೆ ಇರಬೇಕು, ತೋಟೆ ಬೇರೆ ಪೆಟ್ಟಿಗೆಯಲ್ಲಿ, ಬೀಗದ ಕೈ ಒಬ್ಬರ ಹತ್ತಿರ. ಎರಡೂ ಒಟ್ಟಿಗೆ ಆಗುವುದಿಲ್ಲ. ಬೀಗದೊಳಗಿನ ಕೋವಿ ಕಳ್ಳನಿಗೆ ಸಿಗುವ ಇನ್ನೊಂದು ಸಾಮಾನು ಅಷ್ಟೇ. ಹಾಸಿಗೆ ಪಕ್ಕದ ಕೋವಿ ವರ್ಷದಲ್ಲಿ ಒಂದು ರಾತ್ರಿಯೂ ಬಾರದ ಕಳ್ಳನಿಗಾಗಿ 365 ದಿನವೂ ಮೊಮ್ಮಕ್ಕಳ ಕೈಗೆ ಎಟುಕುವ ಹಾಗೆ ಬಿದ್ದಿರುತ್ತದೆ. ಬೇಸಿಗೆ ರಜೆಗೆ ಬರುವ ಮಕ್ಕಳಿಗೆ ಅಜ್ಜನ ಮನೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಯಾವುದು ಎಂದು ನಿಮಗೇ ಗೊತ್ತು.

ಕಾನೂನೂ ನಿಮ್ಮ ಸಿನಿಮಾದ ಹಾಗಿಲ್ಲ. ಆತ್ಮರಕ್ಷಣೆಯ ಹಕ್ಕು ಇದೆ. ದರೋಡೆ, ಸೂರ್ಯ ಮುಳುಗಿದ ಮೇಲೆ ಮನೆ ಒಡೆದು ನುಗ್ಗುವುದು, ವಾಸದ ಮನೆಗೆ ಬೆಂಕಿ ಇಡುವುದು, ಇಂಥ ಕೆಲವು ಸಂದರ್ಭಗಳಲ್ಲಿ ಅದು ಜೀವ ತೆಗೆಯುವವರೆಗೂ ಹೋಗಬಹುದು. ಬರಿಯ ಕಳ್ಳತನಕ್ಕೆ ಅಷ್ಟು ದೂರ ಹೋಗುವುದಿಲ್ಲ. ಅಂಗಳದ ಅಡಿಕೆ ಮೂಟೆ ಹೊತ್ತು ಓಡುವವನ ಬೆನ್ನಿಗೆ ಗುಂಡಿಟ್ಟರೆ ಕಟಕಟೆಯಲ್ಲಿ ನಿಲ್ಲುವುದು ನೀವು. ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡಿದಿರಾ ಎಂಬ ಪ್ರಶ್ನೆಗೆ ವರ್ಷಗಟ್ಟಲೆ ಉತ್ತರ ಕೊಡುತ್ತಾ ಇರಬೇಕಾಗುತ್ತದೆ, ವಕೀಲರ ಫೀಸಿಗೆ ಅದೇ ಅಡಿಕೆ ಮಾರಿ.

ಇದಕ್ಕಿಂತ ಕಹಿಯಾದ ಒಂದು ಮಾತಿದೆ, ನಮ್ಮ ಕಡೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮನೆಯಲ್ಲಿರುವ ಕೋವಿ ಹೆಚ್ಚಾಗಿ ತಿರುಗುವುದು ಮನೆಯವರ ಮೇಲೆಯೇ. ಅಮೆರಿಕದ ಆರ್ಥರ್ ಕೆಲ್ಲರ್‌ಮನ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಂದೂಕಿರುವ ಮನೆಗಳಲ್ಲಿ ಮನೆಯೊಳಗೇ ಕೊಲೆಯಾಗುವ ಸಾಧ್ಯತೆ ಸುಮಾರು 2.7 ಪಟ್ಟು ಹೆಚ್ಚು ಎಂದು ಕಂಡಿತು, ಹೆಚ್ಚಿನವು ಮನೆಯವರಿಂದಲೇ ಅಥವಾ ಪರಿಚಯದವರಿಂದಲೇ ಆದವು. ಆ ಅಧ್ಯಯನದ ಬಗ್ಗೆ ಅಲ್ಲಿ ಇಂದಿಗೂ ವಾದ ನಡೆಯುತ್ತದೆ. ನಮಗೆ ಅಮೆರಿಕದ ಲೆಕ್ಕವೇ ಬೇಕಾಗಿಲ್ಲ. ಕೊಳೆರೋಗಕ್ಕೆ ತೋಟ ಹೋದ ವರ್ಷ, ಸೊಸೈಟಿಯ ನೋಟಿಸು ಬಂದ ವಾರ, ಆಸ್ತಿ ಪಾಲಿನ ಜಗಳ ನಡೆದ ರಾತ್ರಿ ಗೋಡೆಯ ಮೇಲಿನ ಕೋವಿ ಏನು ಮಾಡಿದೆ ಎಂಬುದು ಪ್ರತಿ ಹೋಬಳಿಗೂ ಗೊತ್ತು. ಹಗ್ಗ ಹುಡುಕುವಷ್ಟರಲ್ಲಿ ಯಾರಾದರೂ ಬಂದಾರು. ಕೋವಿ ಅಷ್ಟು ಹೊತ್ತು ಕೊಡುವುದಿಲ್ಲ. ಮನೆಯಲ್ಲಿ ಕುಡಿದು ಕೈ ಎತ್ತುವವರಿದ್ದರೆ, ಮನಸ್ಸು ಕುಗ್ಗಿ ಕೂತವರಿದ್ದರೆ ಕೋವಿ ತರಬೇಡಿ, ಇದ್ದದ್ದನ್ನೂ ಹೊರಗೆ ಜಮಾ ಮಾಡಿ. ಟೆಲಿ ಮಾನಸ್ ಎಂಬ ಸರ್ಕಾರದ ಉಚಿತ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಇನ್ನೊಂದು ವಿಷಯ, ಕೋವಿ ತರುವ ತೀರ್ಮಾನವನ್ನು ನಮ್ಮಲ್ಲಿ ಗಂಡಸರಷ್ಟೇ ಜಗಲಿಯಲ್ಲಿ ಕೂತು ಮಾಡುತ್ತಾರೆ. ಒಳಗಿರುವವರನ್ನು ಒಮ್ಮೆ ಕೇಳಿ ನೋಡಿ.

ಒಂಟಿಮನೆಗೆ ಬೇಕಾದ್ದು ಎರಡು ನಾಯಿ, ಅಂಗಳದ ಮೂಲೆಮೂಲೆಗೆ ದೀಪ, ಗಟ್ಟಿ ಅಗುಳಿ, ಕರೆದರೆ ಬರುವ ನಾಲ್ಕು ಮನೆಯ ಫೋನ್ ನಂಬರು, ಮತ್ತೆ 112. ಅಡಿಕೆಯನ್ನು ಅಂಗಳದಲ್ಲಿ ರಾಶಿ ಹಾಕಿ ಮಲಗುವ ಬದಲು ಒಳಗೆ ಸೇರಿಸಿ. ಇವೆಲ್ಲ ಸಪ್ಪೆ ಮಾತು, ವಿಡಿಯೋ ಮಾಡಲು ಬರುವುದಿಲ್ಲ. ಪಿಸ್ತೂಲಿನ ಬಗ್ಗೆ ಪ್ರತ್ಯೇಕ ಪ್ಯಾರಾ ಬರೆಯುವುದಕ್ಕೂ ನಮಗೆ ಮನಸ್ಸಿಲ್ಲ. ಹಳ್ಳಿಯ ಮನೆಗೆ ಅದು ಶೋಕಿ.

ಇನ್ನು ಬೆಳೆ. ಇಲ್ಲಿ ನಾವು ರೈತರ ಪರ, ಅರೆಮನಸ್ಸಿನಿಂದಲ್ಲ. ರಾತ್ರಿ ಬೆಳಗಾಗುವುದರೊಳಗೆ ಹತ್ತು ಹಂದಿ ನುಗ್ಗಿ ಗದ್ದೆಯನ್ನು ಉತ್ತ ಹಾಗೆ ಮಾಡಿ ಹೋದದ್ದನ್ನು ನೋಡಿದವರಿಗೆ ಪ್ರಾಣಿಪ್ರೀತಿಯ ಪಾಠ ಹೇಳಲು ಬಾಯಿ ಬರುವುದಿಲ್ಲ. ಶುಂಠಿ, ಗೆಣಸು, ಬಾಳೆ, ಎಳೆ ಅಡಿಕೆ ಸಸಿಯ ಬುಡ, ಹಂದಿಗೆ ಬೇಡವಾದದ್ದು ಇಲ್ಲ. ಪಟ್ಟಣದಲ್ಲಿ ಕೂತು "ಕಾಡು ನೀವು ಒತ್ತಿದ್ದೀರಿ, ಅದಕ್ಕೇ ಬರುತ್ತವೆ" ಎನ್ನುವವರು ಒಂದು ವಾರ ಅಟ್ಟಣೆಯ ಮೇಲೆ ಮಲಗಿ ಆಮೇಲೆ ಮಾತಾಡಲಿ. ಕೋವಿ ಇರುವ ರೈತರೆಲ್ಲ ಬೇಟೆಗಾರರು ಎಂದು ಬರೆಯುವ ಪತ್ರಿಕೆಗಳಿಗೂ ಅದೇ ಮಾತು.

ಬೆಳೆಗೆಂದೇ ಕೋವಿ ಬೇಕಾದವರು ಯಾವುದನ್ನು ಆರಿಸಬೇಕು? 1959ರ ಆಯುಧ ಕಾಯ್ದೆಯ 13ನೇ ಕಲಮು ಈ ಬಗ್ಗೆ ಮಾತಾಡುತ್ತದೆ, ಆಶ್ಚರ್ಯವೆನಿಸುವಷ್ಟು ಸ್ಪಷ್ಟವಾಗಿ. ನಿಜವಾದ ಬೆಳೆ ರಕ್ಷಣೆಗೆ ಕೇಪಿನ ಕೋವಿ, ಅಂದರೆ ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿ. ಅದು ಸಾಲದು ಎಂದು ಲೈಸೆನ್ಸ್ ಅಧಿಕಾರಿಗೆ ಮನವರಿಕೆಯಾದರೆ ಕನಿಷ್ಠ 20 ಇಂಚು ನಳಿಗೆಯ, ಒಳಗೆ ನುಣುಪಾಗಿರುವ ಬೇರೆ ಕೋವಿ. ನಮ್ಮ ಕಡೆಯ 12 ಬೋರ್ ತೋಟೆ ಕೋವಿ ಈ ಎರಡನೇ ಜಾತಿಯದು.

ಕಾಯ್ದೆ ಬರೆದವರಿಗೆ ಕೇಪಿನ ಕೋವಿ ಸಾಧು ಎನಿಸಿರಬೇಕು. ನಮಗೆ ಹಾಗೆ ಅನ್ನಿಸುವುದಿಲ್ಲ. ಮಲೆನಾಡಿನ ಜುಲೈ ತಿಂಗಳಿನಲ್ಲಿ ಮದ್ದು ಥಂಡಿ ಹಿಡಿಯುತ್ತದೆ, ಕೇಪು ಹೊಡೆದರೆ ಟಪ್ ಎಂದು ಸುಮ್ಮನಾಗುತ್ತದೆ. ಹಾರಲಿಲ್ಲ ಎಂದು ನಳಿಗೆಯೊಳಗೆ ಇಣುಕಿದವರ ಗತಿ ಏನಾಗಿದೆ ಎಂದು ವಿವರಿಸುವುದಿಲ್ಲ. ಮದ್ದು ಒಂದು ಚಿಟಿಕೆ ಹೆಚ್ಚಾದರೆ ನಳಿಗೆ ಸೀಳಬಹುದು. ಎಲ್ಲಕ್ಕಿಂತ ದೊಡ್ಡ ತೊಂದರೆ, ಒಮ್ಮೆ ಗಿಡಿದ ಮೇಲೆ ಅದನ್ನು ಖಾಲಿ ಮಾಡುವ ಸುಲಭ ದಾರಿ ಹಾರಿಸುವುದೊಂದೇ. ರಾತ್ರಿ ಹಂದಿ ಬರಲಿಲ್ಲ ಎಂದುಕೊಳ್ಳಿ. ಬೆಳಗ್ಗೆ ಮದ್ದು ಹಾಳುಮಾಡಲು ಯಾರಿಗೂ ಇಷ್ಟವಿಲ್ಲ. ಗಿಡಿದ ಕೋವಿಯೇ ಮನೆಗೆ ಬಂದು ಮೂಲೆ ಸೇರುತ್ತದೆ. ತೋಟೆ ಕೋವಿಯಾದರೆ ನಳಿಗೆ ಮುರಿದು ತೋಟೆ ತೆಗೆದು ಜೇಬಿಗೆ ಹಾಕಿಕೊಂಡರೆ ಮುಗಿಯಿತು, ಖಾಲಿ ಎಂದು ಕಣ್ಣಿಗೇ ಕಾಣುತ್ತದೆ. ಆದ್ದರಿಂದ ಅರ್ಜಿಯಲ್ಲಿ ಕೇಪಿನ ಕೋವಿ ಯಾಕೆ ಸಾಲದು ಎಂದು ಈ ಕಾರಣಗಳನ್ನೇ ಬರೆಯಿರಿ, 12 ಬೋರ್ ಕೇಳಿ.

ಒಂಟಿನಳಿಗೆಯೋ ಜೋಡುನಳಿಗೆಯೋ ಎಂಬ ಜಗಳ ನಮ್ಮ ಮಟ್ಟಿಗೆ ಸಣ್ಣದು. ಬೆದರಿಸುವ ಕೆಲಸಕ್ಕೆ ಒಂಟಿನಳಿಗೆ ಸಾಕು, ಹಗುರ, ಕೆಡುವ ಭಾಗ ಕಡಿಮೆ. ಗಾಯಗೊಂಡ ಹಂದಿ ತಿರುಗಿ ಬಿದ್ದರೆ ಎರಡನೇ ಈಡು ಬೇಕಾಗುತ್ತದೆ ಎಂಬ ವಾದದಲ್ಲಿ ಹುರುಳಿದೆ, ಅದು ಹೊಡೆಯಲು ಅನುಮತಿ ಪಡೆದವರಿಗೆ. ಅಜ್ಜನ ಕಾಲದ ವಿಲಾಯಿತಿ ಜೋಡುನಳಿಗೆ ಇದ್ದವರಿಗೊಂದು ಮಾತು: ಹಳೆಯ ಕೋವಿಗಳ ನಳಿಗೆಯ ಮೇಲೆ ಬಳ್ಳಿಬಳ್ಳಿಯಾಗಿ ಗೆರೆ ಕಾಣುತ್ತಿದ್ದರೆ ಅದು ಕಬ್ಬಿಣ ಉಕ್ಕಿನ ಪಟ್ಟಿ ಸುತ್ತಿ ಬೆಸೆದ ನಳಿಗೆ. ಈಗಿನ ತೋಟೆಯ ಒತ್ತಡಕ್ಕೆ ಅದು ಮಾಡಿದ್ದಲ್ಲ. ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಗೆ ತೋರಿಸದೆ ಹಾರಿಸಬೇಡಿ. ಪೂಜೆಗೆ ಇಟ್ಟರೆ ಅದಕ್ಕೂ ಗೌರವ, ನಿಮ್ಮ ಬೆರಳಿಗೂ ಕ್ಷೇಮ.

ರೈಫಲ್ ಬೇಡ. .315 ರೈಫಲಿನ ಗುಂಡು ತಪ್ಪಿದರೆ ಕಿಲೋಮೀಟರ್ ದಾಟಿಯೂ ಜೀವ ತೆಗೆಯುತ್ತದೆ, ಚಿಕ್ಕದು ಎನಿಸುವ .22 ಕೂಡ ಮೈಲಿ ದಾಟುತ್ತದೆ. ತೋಟದಾಚೆ ಗದ್ದೆ, ಗದ್ದೆಯಾಚೆ ಯಾರದೋ ಮನೆ, ನಡುವೆ ರಾತ್ರಿ ನೀರು ಕಟ್ಟಲು ಹೋದವರು ಇರುವ ಊರು ನಮ್ಮದು. ಚರೆ ಹಾಗಲ್ಲ, ಸ್ವಲ್ಪ ದೂರದಲ್ಲೇ ಬಲ ಕಳೆದುಕೊಳ್ಳುತ್ತದೆ. ಆದರೂ ಎಸ್‌ಜಿ, ಎಲ್‌ಜಿಯಂಥ ದಪ್ಪ ಚರೆಯ ತೋಟೆ ನೂರಾರು ಗಜ ಹೋಗಬಲ್ಲದು ಎಂಬುದು ನೆನಪಿರಲಿ. ಬೆದರಿಸಲು ಅದು ಬೇಕಿಲ್ಲ. ಏರ್‌ಗನ್ನಿಗೆ ಲೈಸೆನ್ಸ್ ಬೇಡ ಎಂದು .177 ತಂದು ಹಂದಿಗೆ ಹಿಡಿಯುವವರಿದ್ದಾರೆ. ಹಂದಿಗೆ ಅದು ಸೊಳ್ಳೆ ಕಡಿತ. ಹಕ್ಕಿಗೆ ಹಿಡಿದರೆ ಮತ್ತೆ ಅದೇ ವನ್ಯಜೀವಿ ಕೇಸು.

ನಾಡಕೋವಿಯ ಹತ್ತಿರವೂ ಹೋಗಬೇಡಿ. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ 2019ರ ತಿದ್ದುಪಡಿಯ ನಂತರ ಎರಡರಿಂದ ಐದು ವರ್ಷ. ಮಾಡಿಕೊಟ್ಟವನಿಗೆ ಏಳು ವರ್ಷದಿಂದ ಜೀವಾವಧಿಯವರೆಗೆ. ಲೈಸೆನ್ಸ್ ಇರುವ ಮನೆಯಲ್ಲೂ ಒಂದು ಗುಂಡಿ ಇದೆ. ಕೋವಿ ಅಪ್ಪನ ಹೆಸರಿನಲ್ಲಿ, ಅಪ್ಪನಿಗೆ ಮಂಡಿನೋವು, ತೋಟಕ್ಕೆ ಕೋವಿ ಒಯ್ಯುವುದು ಮಗ. ಲೈಸೆನ್ಸಿನಲ್ಲಿ ಮಗನ ಹೆಸರಿಲ್ಲದಿದ್ದರೆ ಸಿಕ್ಕಿಬಿದ್ದ ದಿನ ಅವನೂ ಲೈಸೆನ್ಸ್ ಇಲ್ಲದವನೇ. 21 ವರ್ಷ ತುಂಬಿದ ವಾರಸುದಾರರು ಲೈಸೆನ್ಸ್ ಕೇಳಬಹುದು. ಅಪ್ಪ ತೀರಿಕೊಳ್ಳುವವರೆಗೆ ಕಾಯಬೇಕಾಗಿಯೂ ಇಲ್ಲ. ಲೈಸೆನ್ಸುದಾರರಿಗೆ 70 ವರ್ಷ ತುಂಬಿದ್ದರೆ, ಅಥವಾ ಕೋವಿ 25 ವರ್ಷ ಅವರ ಬಳಿ ಇದ್ದಿದ್ದರೆ ವರ್ಗಾವಣೆಗೆ 2016ರ ನಿಯಮಗಳಲ್ಲೇ ಅವಕಾಶವಿದೆ. ಮಗಳೂ ವಾರಸುದಾರಳೇ ಎಂದು ಬೇರೆಯಾಗಿ ಹೇಳಬೇಕೇ.

ಇಷ್ಟೆಲ್ಲ ಸರಿಯಾಗಿ ಮಾಡಿದ ರೈತನಿಗೆ ಸರ್ಕಾರ ಏನು ಮಾಡುತ್ತದೆ ಎಂಬುದೇ ನಮ್ಮ ಜಗಳದ ತಿರುಳು. ಡೀಸೀ ಕಚೇರಿ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಕೊಡುತ್ತದೆ. ಆ ಕೋವಿಯಿಂದ ಬೆಳೆ ತಿನ್ನುವ ಹಂದಿಯನ್ನು ಹೊಡೆದರೆ ಅರಣ್ಯ ಇಲಾಖೆ ಕೇಸು ಹಾಕುತ್ತದೆ. ಹಾಗಾದರೆ ಲೈಸೆನ್ಸ್ ಯಾವುದಕ್ಕೆ? ಸದ್ದಿಗೆ. ಸದ್ದಿಗೆ ಗರ್ನಾಲು ಸಾಲದೇ? ಹಂದಿಯೂ ಮಂಗನೂ ಸದ್ದಿಗೆ ಎಷ್ಟು ದಿನ ಹೆದರುತ್ತವೆ ಎಂದು ಅಟ್ಟಣೆಯವರನ್ನು ಕೇಳಿ.

ದಾರಿ ಕಾಯ್ದೆಯೊಳಗೇ ಇದೆ. ವನ್ಯಜೀವಿ ಕಾಯ್ದೆಯ 11ನೇ ಕಲಮಿನಡಿ, ನಿಂತ ಬೆಳೆಗೆ ಅಪಾಯವಾದ ಎರಡನೇ ಪಟ್ಟಿಯ ಪ್ರಾಣಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರು, ಅಥವಾ ಅವರು ಅಧಿಕಾರ ಕೊಟ್ಟವರು ಲಿಖಿತ ಅನುಮತಿ ಕೊಡಬಹುದು. ಆದರೆ ಹಂದಿ ಬರುವುದು ಇವತ್ತು ರಾತ್ರಿ. ಫೈಲು ಬರುವುದು ಕೊಯ್ಲಾದ ಮೇಲೆ. ಪಕ್ಕದ ಕೇರಳ 2022ರಲ್ಲಿ ಈ ಅಧಿಕಾರವನ್ನು ಪಂಚಾಯ್ತಿ ಅಧ್ಯಕ್ಷರ ಕೈಗೇ ಕೊಟ್ಟಿತು. ಕಾಡಿನೊಳಗಲ್ಲ, ಜನವಸತಿ ಮತ್ತು ಹೊಲದಲ್ಲಿ ಮಾತ್ರ. ವಿಷ, ಸಿಡಿಮದ್ದು, ಕರೆಂಟು ಇಲ್ಲ, ಲೈಸೆನ್ಸ್ ಇರುವ ಕೋವಿಯವರಿಂದ ಮಾತ್ರ. ಹೊಡೆದದ್ದನ್ನು ತಿನ್ನುವಂತಿಲ್ಲ, ಹೂಳಬೇಕು. ಈ ಕೊನೆಯ ಷರತ್ತು ಕೇಳಿದ ಕೂಡಲೇ ನಮ್ಮೂರಿನ ಕೆಲವು ಗಟ್ಟಿ ದನಿಗಳು ಯಾಕೆ ತಣ್ಣಗಾಗುತ್ತವೆ ಎಂಬುದು ನಿಮಗೂ ಗೊತ್ತು, ನಮಗೂ ಗೊತ್ತು. ಬೆಳೆ ಉಳಿಸುವ ಹೋರಾಟಕ್ಕೂ ಹಂದಿ ಮಾಂಸದ ಆಸೆಗೂ ಗೆರೆ ಎಳೆಯುವುದು ಅಲ್ಲೇ. ಆ ಷರತ್ತನ್ನು ನಾವಾಗಿಯೇ ಮುಂದಿಟ್ಟು ಕೇಳಿದರೆ ಇಲಾಖೆಗೆ ಇಲ್ಲ ಎನ್ನಲು ನೆಪ ಉಳಿಯುವುದಿಲ್ಲ.

ಇನ್ನೊಂದು ಕಿರುಕುಳ ಚುನಾವಣೆ. ಚುನಾವಣೆ ಘೋಷಣೆಯಾಯಿತೆಂದರೆ ಠಾಣೆಯಿಂದ ಫೋನು, ಕೋವಿ ತಂದು ಜಮಾ ಮಾಡಿ. 2024ರ ಲೋಕಸಭೆಗೆ ನೀತಿಸಂಹಿತೆ ಮಾರ್ಚ್ 16ಕ್ಕೆ ಶುರುವಾಗಿ ಮುಗಿದದ್ದು ಜೂನ್ ಮೊದಲ ವಾರದಲ್ಲಿ. ಹತ್ತಿರ ಹತ್ತಿರ ಮೂರು ತಿಂಗಳು. ಹಂದಿಗೆ ನೀತಿಸಂಹಿತೆ ಅನ್ವಯವಾಗುವುದಿಲ್ಲ. ಚುನಾವಣಾ ಆಯೋಗದ ಸೂಚನೆ ಇರುವುದು ಎಲ್ಲರ ಕೋವಿ ಕಸಿಯಿರಿ ಎಂದಲ್ಲ. ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆಯವರು, ಹಿಂದೆ ಗಲಭೆಯಲ್ಲಿ, ಅದರಲ್ಲೂ ಚುನಾವಣೆ ಹೊತ್ತಿನ ಗಲಭೆಯಲ್ಲಿ ಸಿಕ್ಕಿಕೊಂಡವರು, ಇಂಥವರ ಲೈಸೆನ್ಸುಗಳನ್ನು ಜಿಲ್ಲೆಯ ಪರಿಶೀಲನಾ ಸಮಿತಿ ಒಂದೊಂದಾಗಿ ನೋಡಬೇಕು ಎಂದು. ಒಂದೊಂದಾಗಿ ನೋಡುವುದು ಕೆಲಸ, ಎಲ್ಲರಿಗೂ ಒಂದೇ ಫೋನು ಮಾಡುವುದು ಸುಲಭ. ಠಾಣೆಯ ಮೂಲೆಯಲ್ಲಿ ಮೂರು ತಿಂಗಳು ಒರಗಿದ್ದ ಕೋವಿ ತುಕ್ಕು ಹಿಡಿದು ವಾಪಸು ಬಂದರೆ ಕೇಳುವವರಿಲ್ಲ. ಮದುವೆಯಲ್ಲಿ ಗಾಳಿಗೆ ಗುಂಡು ಹಾರಿಸುವ ದೊಡ್ಡವರ ಪಿಸ್ತೂಲಿಗೂ, ಮೂವತ್ತು ವರ್ಷದಿಂದ ಒಂದು ದೂರಿಲ್ಲದ ರೈತನ ಒಂಟಿನಳಿಗೆಗೂ ಒಂದೇ ತಕ್ಕಡಿ.

ಲೈಸೆನ್ಸಿಗೆ ಅರ್ಜಿ ಹಾಕಿದವರು ಇಷ್ಟು ನೆನಪಿಟ್ಟುಕೊಳ್ಳಿ. "ನಿಮಗೆ ಜಮೀನು ಸಾಲದು" ಎಂದಷ್ಟೇ ಹೇಳಿ ತಿರಸ್ಕರಿಸುವಂತಿಲ್ಲ, ಆಸ್ತಿ ಸಾಲದೆಂಬ ಒಂದೇ ಕಾರಣಕ್ಕೆ ನಿರಾಕರಿಸಬಾರದು ಎಂದು ಕಾಯ್ದೆಯ 14ನೇ ಕಲಮು ಹೇಳುತ್ತದೆ. ನಿರಾಕರಿಸಿದರೆ ಕಾರಣ ಬರೆದು ದಾಖಲಿಸಬೇಕು. ಬಾಯಿಮಾತಿನ ಇಲ್ಲ ಒಪ್ಪಿಕೊಂಡು ಬರಬೇಡಿ. ಬರಹದಲ್ಲಿ ಪಡೆದರೆ 18ನೇ ಕಲಮಿನಡಿ ಮೇಲ್ಮನವಿ ಹಾಕಬಹುದು. ಬೆಳೆ ಹಾನಿಯಾದಾಗಲೆಲ್ಲ ಫೋಟೊ ತೆಗೆದು ಪರಿಹಾರಕ್ಕೆ ಅರ್ಜಿ ಹಾಕಿ. ಸಿಗುವ ದುಡ್ಡು ಪುಡಿಗಾಸು ಎಂದು ಬಿಡಬೇಡಿ, ಹಂದಿ ಬರುತ್ತಿದೆ ಎಂಬುದಕ್ಕೆ ಸರ್ಕಾರದ ಕಡತದಲ್ಲೇ ಇರುವ ಸಾಕ್ಷಿ ಅದು. ಕೋವಿಯ ಅರ್ಜಿಗೂ, 11ನೇ ಕಲಮಿನ ಅನುಮತಿಗೂ ಅದೇ ಆಧಾರ.

ಮುಂದಿನ ಗ್ರಾಮಸಭೆಗೆ ಹೋಗುವಾಗ ಆ ಅರ್ಜಿಗಳ ನಕಲು ತೆಗೆದುಕೊಂಡು ಹೋಗಿ. ಹಂದಿಗೆ ಅನುಮತಿ ಕೊಡುವ ಅಧಿಕಾರ ನಮ್ಮ ತಾಲ್ಲೂಕಿನಲ್ಲಿ ಯಾರಿಗಿದೆ, ಎಷ್ಟು ದಿನದಲ್ಲಿ ಕೊಡುತ್ತಾರೆ ಎಂದು ಅರಣ್ಯ ಇಲಾಖೆಯವರನ್ನು ಎಲ್ಲರ ಎದುರು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ಹೊಡೆದದ್ದನ್ನು ಹೂಳುತ್ತೇವೆ ಎಂಬುದನ್ನೂ ಅದೇ ಪುಟದಲ್ಲಿ ಬರೆಸಿ ಸಹಿ ಹಾಕಿ. ಯಾರು ಯಾರು ಸಹಿ ಹಾಕಲು ಹಿಂದೆಮುಂದೆ ನೋಡುತ್ತಾರೆ ಎಂದು ನಮಗೂ ತಿಳಿಸಿ.